ಎಂಜಿನ್ ಇಳಿಸಲೇಬೇಕೇ? ಮೊದಲು ಮೂರು ಅಂಕಿ ಬರೆಸಿಕೊಳ್ಳಿ

ಪ್ರಶ್ನೆ: ನನ್ನದು 2009ರ ಆಲ್ಟೊ. 1,20,000 ಕಿ.ಮೀ. ಓಡಿದೆ. ಸಕಲೇಶಪುರದ ಹತ್ತಿರ ನಮ್ಮ ತೋಟ. ತಿಂಗಳಿಗೆ ಎರಡು ಮೂರು ಸಲ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತೇನೆ. ಒಂದು ವರ್ಷದಿಂದ ಎಂಜಿನ್ ಆಯಿಲ್ ಇಳಿಯುತ್ತಿದೆ. ಸಾವಿರ ಕಿ.ಮೀ.ಗೆ ಸುಮಾರು ಅರ್ಧ ಲೀಟರ್ ಹಾಕಬೇಕಾಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ನೀಲಿ ಹೊಗೆ ಬಂದು ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಘಾಟಿ ಇಳಿದು ಗುಂಡ್ಯದ ಬಳಿ ಆಕ್ಸಿಲರೇಟರ್ ಒತ್ತಿದರೆ ಹಿಂದಿನ ಗಾಡಿಯವರು ಹಾರ್ನ್ ಹಾಕುವಷ್ಟು ಹೊಗೆ. ನಮ್ಮ ಮೆಕ್ಯಾನಿಕ್ ‘ಎಂಜಿನ್ ಇಳಿಸಿ ಬೋರ್ ಮಾಡಿಸಬೇಕು’ ಎನ್ನುತ್ತಾರೆ. ಪಕ್ಕದ ತೋಟದವರು ತಮ್ಮ ಟ್ರ್ಯಾಕ್ಟರಿಗೆ ಎಂಜಿನ್ ಇಳಿಸದೆಯೇ ಪಿಸ್ಟನ್, ರಿಂಗ್ ಎಲ್ಲ ಹಾಕಿಸಿದ್ದಾರೆ; ‘ಕಾರಿಗೆ ಯಾಕೆ ಆಗುವುದಿಲ್ಲ’ ಎಂದು ಕೇಳುತ್ತಾರೆ. ಯಾರ ಮಾತು ಸರಿ? ಎಂಜಿನ್ ಇಳಿಸದೆ ಏನೇನು ಬದಲಾಯಿಸಬಹುದು?

ಉತ್ತರ: ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಇಬ್ಬರೂ ನಿಮ್ಮ ಕಾರನ್ನು ಅಳೆದು ನೋಡಿ ಆಡಿದ ಮಾತಲ್ಲ ಅದು. ನೀವು ಬರೆದದ್ದನ್ನು ಓದಿದಾಗ ನನಗೆ ಅನುಮಾನ ಬಂದದ್ದು ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ) ಮೇಲಲ್ಲ, ವಾಲ್ವ್ ಸೀಲ್‌ಗಳ ಮೇಲೆ. ನನ್ನ ಅನುಮಾನ ಸರಿಯಾದರೆ ನಿಮ್ಮ ಎಂಜಿನ್ ಇದ್ದಲ್ಲಿಂದ ಕದಲಬೇಕಾಗಿಯೇ ಇಲ್ಲ.

ಆಯಿಲ್ ಎಂಜಿನ್ನಿನೊಳಗೆ ಉರಿಯಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು ಕೆಳಗಿನಿಂದ: ಪಿಸ್ಟನ್ ಸುತ್ತಲಿನ ಸವೆದ ರಿಂಗ್‌ಗಳನ್ನು ದಾಟಿ ಅದರ ತಲೆಯ ಮೇಲಕ್ಕೆ. ಇನ್ನೊಂದು ಮೇಲಿನಿಂದ: ವಾಲ್ವ್ ಕಡ್ಡಿಯ ಸುತ್ತಲಿನ ರಬ್ಬರ್ ಸೀಲ್ ಗಟ್ಟಿಯಾಗಿ, ಅಲ್ಲಿಂದ ತೊಟ್ಟಿಕ್ಕಿ ಕೆಳಕ್ಕೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ಹೀಗೆ ಇಳಿದ ಆಯಿಲ್ ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಒಮ್ಮೆಗೇ ಉರಿದು ನೀಲಿ ಹೊಗೆಯಾಗುತ್ತದೆ, ಆಮೇಲೆ ನಿಲ್ಲುತ್ತದೆ. ಘಾಟಿ ಇಳಿಯುವಾಗ ನೀವು ಗೇರಿನಲ್ಲಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದಿರುತ್ತೀರಿ. ಗಾಳಿ ಒಳಬಿಡುವ ಥ್ರಾಟಲ್ ಮುಚ್ಚಿರುತ್ತದೆ, ಎಂಜಿನ್ ಮಾತ್ರ ಚಕ್ರಗಳ ಓಟಕ್ಕೆ ಸಿಕ್ಕಿ ಜೋರಾಗಿ ತಿರುಗುತ್ತಿರುತ್ತದೆ. ಗಾಳಿ ಸಿಗದ ಸಿಲಿಂಡರ್ ಇನ್‌ಲೆಟ್ ದಾರಿಯಲ್ಲಿ ಬಲವಾದ ಎಳೆತ ಹುಟ್ಟಿಸುತ್ತದೆ. ಆ ಎಳೆತ ಕೆಟ್ಟ ಸೀಲ್ ಮೂಲಕ ಎಂಜಿನ್ ಮೇಲ್ತುದಿಯ ಟ್ಯಾಪೆಟ್ ಕವರಿನೊಳಗಿನ ಆಯಿಲನ್ನು ಹೀರುತ್ತದೆ. ಘಾಟಿ ಉದ್ದಕ್ಕೂ ಹೀಗೆ ಹೀರಿದ್ದೆಲ್ಲ ಗುಂಡ್ಯದಲ್ಲಿ ನೀವು ಆಕ್ಸಿಲರೇಟರ್ ಒತ್ತಿದ ಗಳಿಗೆಯಲ್ಲಿ ಹೊಗೆಯಾಗಿ ಹೊರಬೀಳುತ್ತದೆ.

ರಿಂಗ್ ಹೋದ ಕಾರಿನ ನಡವಳಿಕೆ ಬೇರೆ. ಅದು ಘಾಟಿ ಹತ್ತುವಾಗ, ನಾಲ್ಕು ಜನ ಕೂತು ಎಳೆಯುವಾಗ ಬಿಡದೆ ಹೊಗೆಯಾಡುತ್ತದೆ. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಅಲ್ಲಿಂದ ಪುಸ್ ಪುಸ್ ಎಂದು ಹೊಗೆ ಉಗುಳುತ್ತದೆ, ಡಿಪ್‌ಸ್ಟಿಕ್ ಕೊಳವೆಯಿಂದಲೂ ಬರುತ್ತದೆ. ಹತ್ತುವಾಗ ಹೇಗೆ ಎಂದು ನೀವು ಬರೆದಿಲ್ಲ. ಮುಂದಿನ ಸಲ ಮಂಗಳೂರಿನಿಂದ ಹಿಂತಿರುಗುವಾಗ ಹಿಂದೆ ಬರುವ ಪರಿಚಯದವರೊಬ್ಬರಿಗೆ ನೋಡಲು ಹೇಳಿ. ಆ ಒಂದು ಮಾಹಿತಿಗೆ ಬಹಳ ಬೆಲೆಯಿದೆ.

ಲಕ್ಷಣ ನೋಡಿ ಊಹಿಸಬಹುದು, ಅಷ್ಟೇ. ಊಹೆಯ ಮೇಲೆ ಸ್ಪ್ಯಾನರ್ ಎತ್ತಬಾರದು. ಮೊದಲು ಎಂಜಿನ್ನಿನೊಳಗೆ ಸೇರುವ ಆವಿಯನ್ನು ಹೊರಬಿಡುವ ಬ್ರೀದರ್ ಪೈಪ್ ಮತ್ತು ಪಿಸಿವಿ ವಾಲ್ವ್ ನೋಡಿಸಿ. ಅದು ಜಿಡ್ಡು ಕಟ್ಟಿದರೆ ಒಳಗಿನ ಒತ್ತಡ ಏರಿ, ಚೆನ್ನಾಗಿರುವ ಸೀಲ್‌ಗಳೂ ಆಯಿಲ್ ಬಿಡುತ್ತವೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಸಾಮಾನು ಅದು. ಅದನ್ನು ನೋಡದೆ ಹೆಡ್ (ಸಿಲಿಂಡರ್‌ಗಳ ಮೇಲೆ ಕೂರುವ, ವಾಲ್ವ್‌ಗಳಿರುವ ಭಾಗ) ಬಿಚ್ಚಿದವರನ್ನು ನಾನು ಬಹಳ ಕಂಡಿದ್ದೇನೆ. ಹಾಗೆಯೇ ಎಂಜಿನ್ನಿನ ಹೊರಮೈಯಲ್ಲಿ ಸೋರಿಕೆ ಇದೆಯೇ, ಕ್ರ್ಯಾಂಕ್ ಪುಲ್ಲಿಯ ಹಿಂದೆ, ಗೇರ್‌ಬಾಕ್ಸ್ ಸೇರುವ ಜಾಗದ ಕೆಳಗೆ ಒದ್ದೆ ಇದೆಯೇ ಎಂದು ನೋಡಬೇಕು. ಸಾವಿರ ಕಿ.ಮೀ.ಗೆ ಹೋಗುವ ಅರ್ಧ ಲೀಟರಿನಲ್ಲಿ ಸ್ವಲ್ಪ ಪಾಲು ರಸ್ತೆಗೂ ಬೀಳುತ್ತಿರಬಹುದು.

ಆಮೇಲೆ ಕಂಪ್ರೆಷನ್ ಪರೀಕ್ಷೆ, ಅಂದರೆ ಪ್ಲಗ್ ತೂತಿಗೆ ಗೇಜ್ ಹಾಕಿ, ಸ್ಟಾರ್ಟರ್ ತಿರುಗಿಸಿ, ಸಿಲಿಂಡರಿನೊಳಗಿನ ಒತ್ತಡ ಅಳೆಯುವುದು. ಎಂಜಿನ್ ಬಿಸಿಯಾಗಿರಬೇಕು, ಬ್ಯಾಟರಿ ತುಂಬಿರಬೇಕು, ಮೂರೂ ಸ್ಪಾರ್ಕ್ ಪ್ಲಗ್ ಹೊರಗಿರಬೇಕು, ಇಗ್ನಿಷನ್ ಮತ್ತು ಪೆಟ್ರೋಲ್ ಕಡಿದಿರಬೇಕು, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದಿರಬೇಕು. ಆಕ್ಸಿಲರೇಟರ್ ಒತ್ತದೆ ಅಳೆದರೆ ಗಾಳಿ ಒಳಗೆ ಬರದೆ ಅಂಕಿ ಕಡಿಮೆ ತೋರಿಸುತ್ತದೆ. ಚೆನ್ನಾಗಿರುವ ಎಂಜಿನ್ನಿಗೂ ‘ಬೋರ್ ಹೋಗಿದೆ’ ಎಂಬ ತೀರ್ಪು ಬರುತ್ತದೆ. ಸುಜುಕಿಯ ಈ ಬಗೆಯ ಪೆಟ್ರೋಲ್ ಎಂಜಿನ್‌ಗಳಲ್ಲಿ ಗೇಜ್ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 12ರಿಂದ 14 ಕೆಜಿ ತೋರಿಸಬೇಕು, ಪಿಎಸ್‌ಐ ಲೆಕ್ಕದಲ್ಲಿ ಸುಮಾರು 170ರಿಂದ 200. ಮೂರು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ 1 ಕೆಜಿ ಮೀರಬಾರದು. ಯಾವುದಾದರೂ ಕಡಿಮೆ ಬಂದರೆ ಆ ಸಿಲಿಂಡರಿನೊಳಗೆ ಪ್ಲಗ್ ತೂತಿನಿಂದ ಒಂದು ಸಣ್ಣ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. 9 ಇದ್ದದ್ದು 12ಕ್ಕೆ ಏರಿದರೆ ಆಯಿಲ್ ರಿಂಗ್‌ಗಳ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿತೆಂದು ಅರ್ಥ. ರಿಂಗ್ ಅಥವಾ ಬೋರ್ ಸವೆದಿದೆ. ಏರದೆ ಅಲ್ಲೇ ನಿಂತರೆ ತಪ್ಪು ಮೇಲಿದೆ, ವಾಲ್ವ್ ಕೂರುತ್ತಿಲ್ಲ. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆಯಾದರೆ ಅವುಗಳ ನಡುವಿನ ಹೆಡ್ ಗ್ಯಾಸ್ಕೆಟ್ ಸುಟ್ಟಿರಬಹುದು.

ಒಂದು ಮಾತು ನೆನಪಿಡಿ. ವಾಲ್ವ್ ಸೀಲ್ ಮಾತ್ರ ಕೆಟ್ಟಿದ್ದರೆ ಕಂಪ್ರೆಷನ್ ಕೆಡುವುದಿಲ್ಲ. ಒತ್ತಡವನ್ನು ತಡೆಯುವುದು ವಾಲ್ವ್ ಮತ್ತು ಅದರ ಸೀಟ್. ಸೀಲ್ ತಡೆಯುವುದು ಆಯಿಲನ್ನು ಮಾತ್ರ. ಮೂರೂ ಸಿಲಿಂಡರ್ 12ರ ಮೇಲಿದ್ದು ಹೊಗೆ ಮಾತ್ರ ನೀವು ಹೇಳಿದಂತಿದ್ದರೆ ಬೋರ್ ಮಾಡಿಸಲು ಒಪ್ಪಬೇಡಿ. ಅಂಕಿಗಳನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಈಗ ನಿಮ್ಮ ನೆರೆಯವರ ಮಾತಿಗೆ ಬರೋಣ. ಬಹುತೇಕ ಟ್ರ್ಯಾಕ್ಟರುಗಳಲ್ಲಿ ಎಂಜಿನ್ನೇ ಗಾಡಿಯ ಬೆನ್ನೆಲುಬು. ಮುಂದಿನ ಆಕ್ಸಲ್ ಒಂದು ತುದಿಗೆ, ಗೇರ್‌ಬಾಕ್ಸ್ ಇನ್ನೊಂದು ತುದಿಗೆ ನೇರವಾಗಿ ಬೋಲ್ಟ್ ಆಗಿರುತ್ತವೆ. ಎಂಜಿನ್ ತೆಗೆಯುವುದೆಂದರೆ ಟ್ರ್ಯಾಕ್ಟರನ್ನು ನಡುವೆ ಎರಡು ಹೋಳು ಮಾಡುವುದು. ಹಾಗಾಗಿ ಇದ್ದಲ್ಲೇ ಕೆಲಸ ಮಾಡುವ ಪದ್ಧತಿ ಅಲ್ಲಿ ಮೊದಲಿನಿಂದ ಬೆಳೆದಿದೆ. ಅದಕ್ಕೆ ತಕ್ಕ ಅನುಕೂಲವೂ ಹಲವು ಎಂಜಿನ್‌ಗಳಲ್ಲಿದೆ: ಸಿಲಿಂಡರ್ ಬ್ಲಾಕಿನದೇ (ಎಂಜಿನ್ನಿನ ಮುಖ್ಯ ಒಡಲಿನದೇ) ಭಾಗವಲ್ಲ, ಕಳಚಿ ಹಾಕಬಹುದಾದ ಕೊಳವೆ, ಅಂದರೆ ಲೈನರ್. ಹೆಡ್ ತೆಗೆದು, ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಬಿಚ್ಚಿ, ಪಿಸ್ಟನ್ನುಗಳನ್ನು ಮೇಲಕ್ಕೆ ತಳ್ಳಿ, ಪುಲ್ಲರ್ ಹಾಕಿ ಹಳೆಯ ಲೈನರ್ ಎಳೆದು, ಹೊಸ ಲೈನರ್, ಪಿಸ್ಟನ್, ರಿಂಗ್ ಎಲ್ಲ ಒಂದೇ ಡಬ್ಬಿಯಲ್ಲಿ ಬರುವ ಕಿಟ್ ಕೂರಿಸಿದರೆ ಸಿಲಿಂಡರ್ ಹೊಸದೇ ಆಯಿತು. ಲಾರಿ ಗ್ಯಾರೇಜುಗಳಲ್ಲೂ ಚಾಸಿಯ ಮೇಲೆಯೇ ಹೀಗೆ ಕಿಟ್ ಹಾಕುವುದುಂಟು.

ನಿಮ್ಮ ಆಲ್ಟೊದ 796 ಸಿಸಿ ಎಂಜಿನ್ನಿನಲ್ಲಿ ಅಂಥ ಲೈನರ್ ಇಲ್ಲ. 68.5 ಮಿ.ಮೀ. ವ್ಯಾಸದ ಮೂರು ಸಿಲಿಂಡರ್‌ಗಳನ್ನು ಬ್ಲಾಕಿನಲ್ಲೇ ಕೊರೆದಿದ್ದಾರೆ. ಅವು ಮಿತಿ ಮೀರಿ ಸವೆದರೆ ಬ್ಲಾಕ್ ಲೇತ್ ಅಂಗಡಿಗೆ ಹೋಗಿ, ಬೋರ್ ಯಂತ್ರದ ಮೇಜಿನ ಮೇಲೆ ಕೂತು, ದೊಡ್ಡ ಅಳತೆಯ ಪಿಸ್ಟನ್ನಿಗೆ ತಕ್ಕಂತೆ ಕೊರೆಸಿಕೊಂಡೇ ಬರಬೇಕು. ಅಲ್ಲಿ ಎಂಜಿನ್ ಇಳಿಸದೆ ದಾರಿಯಿಲ್ಲ. ನಿಮ್ಮ ಮೆಕ್ಯಾನಿಕ್ ಹೇಳಿದ್ದು ಆ ಸ್ಥಿತಿಗೆ ನೂರಕ್ಕೆ ನೂರು ಸರಿ. ನಿಮ್ಮ ಕಾರು ಆ ಸ್ಥಿತಿಗೆ ಬಂದಿದೆ ಎಂಬುದಕ್ಕೆ ಮಾತ್ರ ಇನ್ನೂ ಆಧಾರ ಸಿಕ್ಕಿಲ್ಲ.

ಸೀಲ್ ಮಾತ್ರ ಕೆಟ್ಟ ಸ್ಥಿತಿಗೂ ಬೋರ್ ಸವೆದ ಸ್ಥಿತಿಗೂ ನಡುವೆ ಮೂರನೆಯದೊಂದು ಸ್ಥಿತಿಯಿದೆ: ರಿಂಗ್ ಸವೆದಿದೆ, ಬೋರ್ ಚೆನ್ನಾಗಿದೆ. ಆಗ ರಿಂಗ್‌ಗಳನ್ನು ಕಾರಿನಲ್ಲೇ ಬದಲಾಯಿಸಬಹುದು. ಇದು ಗ್ಯಾರೇಜಿನವರು ಕಂಡುಕೊಂಡ ಅಡ್ಡದಾರಿಯೆಂದು ತಿಳಿಯಬೇಡಿ. ಸುಜುಕಿಯ ಹಲವು ಸರ್ವಿಸ್ ಕೈಪಿಡಿಗಳೇ ಕೆಲಸಗಳನ್ನು ಎರಡು ಪಾಲು ಮಾಡುತ್ತವೆ, ಗಾಡಿಯಲ್ಲಿದ್ದಾಗ ಮಾಡುವವು ಮತ್ತು ಎಂಜಿನ್ ಹೊರತೆಗೆದು ಮಾಡುವವು. ವಾಲ್ವ್, ಹೆಡ್ ಜೊತೆಗೆ ಪಿಸ್ಟನ್, ರಿಂಗ್, ಕನೆಕ್ಟಿಂಗ್ ರಾಡ್ ಮೊದಲ ಪಾಲಿನಲ್ಲಿವೆ. ಕ್ರ್ಯಾಂಕ್ ಶಾಫ್ಟ್, ಮೇನ್ ಬೇರಿಂಗ್, ಬ್ಲಾಕ್ ಎರಡನೆಯದರಲ್ಲಿ.

ನಿಮಗೆ ಬೇಕಾಗಬಹುದು ಎಂದು ನನಗನ್ನಿಸುವ ಕೆಲಸ ವಾಲ್ವ್ ಸೀಲ್ ಆದ್ದರಿಂದ ಅದನ್ನೇ ಬಿಡಿಸಿ ಹೇಳುತ್ತೇನೆ. ಬ್ಯಾಟರಿಯ ನೆಗೆಟಿವ್ ತೆಗೆದು, ಟೈಮಿಂಗ್ ಬೆಲ್ಟ್ ಗುರುತುಗಳನ್ನು ಸರಿಹೊಂದಿಸಿ ಬೆಲ್ಟ್ ಕಳಚಿ, ಟ್ಯಾಪೆಟ್ ಕವರ್, ವಾಲ್ವ್‌ಗಳನ್ನು ಒತ್ತಿ ತೆರೆಯುವ ರಾಕರ್ ಮತ್ತು ಕ್ಯಾಮ್ ಶಾಫ್ಟ್ ಬಿಚ್ಚಿದರೆ ವಾಲ್ವ್ ಸ್ಪ್ರಿಂಗ್‌ಗಳು ಕಣ್ಣಿಗೆ ಬೀಳುತ್ತವೆ. ನಿಮ್ಮ ಎಂಜಿನ್ನಿನಲ್ಲಿ ಹನ್ನೆರಡು ವಾಲ್ವ್, ಹನ್ನೆರಡು ಸೀಲ್. ತೊಡಕು ಇಲ್ಲಿದೆ: ಸ್ಪ್ರಿಂಗ್ ತೆಗೆದ ಕೂಡಲೇ ವಾಲ್ವನ್ನು ಮೇಲೆ ಹಿಡಿದಿಡುವವರಿಲ್ಲ, ಅದು ಸಿಲಿಂಡರಿನೊಳಕ್ಕೆ ಜಾರುತ್ತದೆ. ಪೂರ್ತಿ ಬಿದ್ದರೆ ಹೆಡ್ ಇಳಿಸದೆ ಕೈಗೆ ಸಿಗುವುದಿಲ್ಲ.

ಅದನ್ನು ತಡೆಯಲು ಎರಡು ಉಪಾಯಗಳಿವೆ. ಪಿಸ್ಟನ್ ಮೇಲಿನ ತುದಿಗೆ ತಂದು, ಪ್ಲಗ್ ತೂತಿಗೆ ಅಡಾಪ್ಟರ್ ಹಾಕಿ, ಕಂಪ್ರೆಸರಿನ ಗಾಳಿ ಬಿಟ್ಟರೆ ಆ ಒತ್ತಡವೇ ವಾಲ್ವನ್ನು ಸೀಟಿಗೆ ಒತ್ತಿ ಹಿಡಿಯುತ್ತದೆ. ಗಾಳಿ ಪಿಸ್ಟನ್ನನ್ನು ಕೆಳಕ್ಕೆ ತಳ್ಳಿ ಕ್ರ್ಯಾಂಕ್ ತಿರುಗಬಹುದಾದ್ದರಿಂದ ಗಾಡಿ ಗೇರಿನಲ್ಲಿರಬೇಕು, ಹ್ಯಾಂಡ್‌ಬ್ರೇಕ್ ಎಳೆದಿರಬೇಕು. ಇನ್ನೊಂದು ಹಗ್ಗದ ಉಪಾಯ, ನನಗೆ ಹೆಚ್ಚು ಇಷ್ಟವಾದದ್ದು. ಪಿಸ್ಟನ್ ಸ್ವಲ್ಪ ಕೆಳಗಿರುವಾಗ ನಯವಾದ, ಎಳೆ ಬಿಡದ ನೈಲಾನ್ ಹಗ್ಗವನ್ನು ಪ್ಲಗ್ ತೂತಿನಿಂದ ಒಳಗೆ ಇಳಿಬಿಡಬೇಕು, ಒಂದು ತುದಿಗೆ ಗಂಟು ಹಾಕಿ ಹೊರಗೆ ಉಳಿಸಿಕೊಳ್ಳಬೇಕು. ಆಮೇಲೆ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದ ನಿಧಾನವಾಗಿ ತಿರುಗಿಸಿದರೆ ಪಿಸ್ಟನ್ ಏರಿ, ಹಗ್ಗದ ಸುರುಳಿ ದಿಂಬಿನಂತೆ ವಾಲ್ವ್‌ಗಳ ಕೆಳಗೆ ಒತ್ತಿಕೊಳ್ಳುತ್ತದೆ. ಕರೆಂಟು ಹೋದರೂ ವಾಲ್ವ್ ಬೀಳುವುದಿಲ್ಲ. ಕ್ಯಾಮ್ ತೆಗೆದಿರುವುದರಿಂದ ವಾಲ್ವ್‌ಗಳೆಲ್ಲ ಮುಚ್ಚಿರುತ್ತವೆ, ಹಾಗಾಗಿ ಕ್ರ್ಯಾಂಕ್ ತಿರುಗಿಸಲು ಭಯವಿಲ್ಲ.

ಸ್ಪ್ರಿಂಗ್ ಒತ್ತುವ ಮೊದಲು ಹೆಡ್ಡಿನಲ್ಲಿ ಆಯಿಲ್ ಇಳಿದುಹೋಗುವ ತೂತುಗಳಿಗೆಲ್ಲ ಸ್ವಚ್ಛ ಬಟ್ಟೆ ತುರುಕಬೇಕು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ, ಸ್ಪ್ರಿಂಗನ್ನು ವಾಲ್ವ್ ಕಡ್ಡಿಗೆ ಹಿಡಿದಿಡುವ ವಾಲ್ವ್ ಲಾಕ್ ಚಿಮ್ಮಿ ಆ ತೂತಿನೊಳಗೆ ಹೋದರೆ ಚೇಂಬರ್ ಬಿಚ್ಚಬೇಕಾಗುತ್ತದೆ. ಲಾಕ್‌ಗಳನ್ನು ಆಯಸ್ಕಾಂತದ ಕಡ್ಡಿಯಿಂದ ಎತ್ತಿ, ಸ್ಪ್ರಿಂಗ್ ತೆಗೆದ ಮೇಲೆ ವಾಲ್ವ್ ಕಡ್ಡಿಯ ತುದಿಯನ್ನು ಬೆರಳಲ್ಲಿ ಹಿಡಿದು, ಹಗ್ಗವನ್ನು ಸ್ವಲ್ಪ ಸಡಿಲಿಸಿ ವಾಲ್ವ್ ಅರ್ಧ ಸೆಂಟಿಮೀಟರ್ ಇಳಿಯಲು ಬಿಟ್ಟು, ಆಚೆ ಈಚೆ ಅಲುಗಿಸಿ ನೋಡಬೇಕು. ಇದನ್ನು ಮಾಡದೆ ಹೊಸ ಸೀಲ್ ಹಾಕುವವರೇ ಹೆಚ್ಚು. ಕಡ್ಡಿ ತಾನು ಜಾರಾಡುವ ಕೊಳವೆಯಲ್ಲಿ, ಅಂದರೆ ಗೈಡಿನಲ್ಲಿ, ಲೊಡಲೊಡ ಅನ್ನುತ್ತಿದ್ದರೆ ಹೊಸ ಸೀಲ್ ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಆಗ ಹೆಡ್ ಇಳಿಸಿ ಗೈಡ್ ಬದಲಾಯಿಸುವುದೇ ಸರಿಯಾದ ಕೆಲಸ.

ಹಳೆಯ ಸೀಲನ್ನು ಪ್ಲಯರಿನಿಂದ ತಿರುಚಿ ಎಳೆದ ಮೇಲೆ ಮೆಕ್ಯಾನಿಕ್ ಹತ್ತಿರ ಒಂದನ್ನು ಕೇಳಿ ಕೈಗೆ ತೆಗೆದುಕೊಳ್ಳಿ. ಹೊಸ ಸೀಲ್ ಬೆರಳಿಗೆ ಮೆತ್ತಗೆ, ಒತ್ತಿದರೆ ಬಾಗಿ ಮತ್ತೆ ದುಂಡಗಾಗುತ್ತದೆ. ಹದಿನೈದು ವರ್ಷ ಬಿಸಿ ಉಂಡದ್ದು ಕಪ್ಪು ಗುಂಡಿಯಂತೆ ಗಟ್ಟಿ. ಉಗುರಿನಿಂದ ಒತ್ತಿದರೆ ಅಂಚು ಚಟ್ಟೆಂದು ಮುರಿಯುತ್ತದೆ. ನೀಲಿ ಹೊಗೆಯ ಕಾರಣ ಆಗ ನಿಮ್ಮ ಅಂಗೈಯಲ್ಲೇ ಇರುತ್ತದೆ. ಹೊಸದಕ್ಕೆ ಆಯಿಲ್ ಸವರಿ, ಸರಿಯಾದ ಅಳತೆಯ ಕೊಳವೆಯಿಂದ ಕೈಬಲದಲ್ಲೇ ಒತ್ತಿ ಕೂರಿಸಬೇಕು. ಸುತ್ತಿಗೆಯಿಂದ ಬಡಿದು ಕೂರಿಸಿದ ಸೀಲಿನ ತುಟಿ ಅಲ್ಲೇ ಹರಿದಿರುತ್ತದೆ. ಕೊನೆಗೆ ಹಗ್ಗ ಹೊರಗೆಳೆದು, ಎಲ್ಲ ಪಿಸ್ಟನ್ನುಗಳೂ ಮೇಲಿನ ತುದಿಯಿಂದ ಕೆಳಗಿರುವಂತೆ ಕ್ರ್ಯಾಂಕ್ ಇಟ್ಟು ಕ್ಯಾಮ್ ಜೋಡಿಸಿ, ಆಮೇಲೆ ಟೈಮಿಂಗ್ ಗುರುತಿಗೆ ತರಬೇಕು. ಬೆಲ್ಟ್ ಹಾಕಿದ ಮೇಲೆ ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ, ಎಲ್ಲೂ ತಡೆಯುತ್ತಿಲ್ಲ, ಗುರುತು ಮತ್ತೆ ಕೂಡುತ್ತಿದೆ ಎಂದು ಖಾತ್ರಿ ಮಾಡಿಕೊಳ್ಳದೆ ಯಾರೂ ಚಾವಿ ತಿರುಗಿಸಕೂಡದು. ರಾಕರ್ ಮತ್ತು ವಾಲ್ವ್ ನಡುವಿನ ಟ್ಯಾಪೆಟ್ ಸಂದು ಹೊಸದಾಗಿ ಸೆಟ್ ಮಾಡಬೇಕು. ಬೆಲ್ಟ್ ಹಳೆಯದಾಗಿದ್ದರೆ ಅದನ್ನೇ ಮತ್ತೆ ಹಾಕಿಸಬೇಡಿ. ಬೆಲ್ಟ್, ಟೆನ್ಷನರ್, ಕ್ಯಾಮ್ ಮತ್ತು ಕ್ರ್ಯಾಂಕಿನ ಮುಂದಿನ ಆಯಿಲ್ ಸೀಲ್‌ಗಳು, ಸವೆತ ಕಂಡರೆ ವಾಟರ್ ಪಂಪ್, ಇವಕ್ಕೆಲ್ಲ ಆ ಬದಿ ತೆರೆದಿರುವಾಗ ಕೂಲಿ ಹೆಚ್ಚು ಬೀಳುವುದಿಲ್ಲ.

ಕಂಪ್ರೆಷನ್ ಪರೀಕ್ಷೆಯಲ್ಲಿ ವಾಲ್ವ್ ಕೂರುತ್ತಿಲ್ಲವೆಂದು ತಿಳಿದರೆ ಹಗ್ಗದ ಉಪಾಯ ಸಾಲದು, ಹೆಡ್ ಇಳಿಸಬೇಕು. ಹೆಡ್ ಇಳಿಸುವುದೇ ಬೇರೆ, ಎಂಜಿನ್ ಇಳಿಸುವುದೇ ಬೇರೆ ಎಂಬುದು ನಿಮಗೆ ಸ್ಪಷ್ಟವಾಗಿರಲಿ. ಆಲ್ಟೊದ ಅಲ್ಯೂಮಿನಿಯಂ ಹೆಡ್ ಒಬ್ಬರೇ ಎತ್ತುವಷ್ಟು ಹಗುರ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬೋಲ್ಟ್‌ಗಳನ್ನು ಹೊರಗಿನಿಂದ ಒಳಕ್ಕೆ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬೇಕು. ಬಿಸಿಯಲ್ಲಿ ಬಿಚ್ಚಿದರೆ ಹೆಡ್ ಬಾಗುತ್ತದೆ. ಅಡಿಯನ್ನು ನೇರ ಪಟ್ಟಿ ಇಟ್ಟು ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ತಗಡುಗಳಿಂದ) ನೋಡಿದಾಗ 0.05 ಮಿ.ಮೀ.ಗಿಂತ ಹೆಚ್ಚು ಬಾಗಿದ್ದರೆ ಫೇಸಿಂಗ್ ಮಾಡಿಸಬೇಕು, ಅಂದರೆ ಯಂತ್ರದಲ್ಲಿ ಮಟ್ಟ ಮಾಡಿಸಬೇಕು. ವಾಪಸು ಕೂರಿಸುವಾಗ ಬಿಗಿಯುವ ಕ್ರಮ ನಡುವಿನಿಂದ ಹೊರಕ್ಕೆ, ಎರಡು ಮೂರು ಹಂತದಲ್ಲಿ, ಟಾರ್ಕ್ ರೆಂಚಿನಿಂದಲೇ. ಬ್ಲಾಕಿನಲ್ಲಿರುವ ಬೋಲ್ಟ್ ತೂತುಗಳನ್ನು ಒಣಗಿಸಿರಬೇಕು. ತಳದಲ್ಲಿ ಕೂಲೆಂಟ್ ನಿಂತಿದ್ದಾಗ ಬೋಲ್ಟ್ ಬಿಗಿದರೆ, ನೀರು ಕುಗ್ಗದೆ ಬ್ಲಾಕನ್ನೇ ಸೀಳುತ್ತದೆ. ಇಳಿಸದೆ ಉಳಿಸಬೇಕೆಂದ ಎಂಜಿನ್ ಆ ಒಂದು ಚಮಚ ನೀರಿಗೆ ಗುಜರಿ ಸೇರಬಹುದು.

ಇನ್ನು ರಿಂಗ್. ಹೆಡ್ ತೆಗೆದ ಮೇಲೆ ಕಾರನ್ನು ಭದ್ರವಾದ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ (ಜ್ಯಾಕ್ ಮಾತ್ರ ನಂಬಿ ಯಾರೂ ಕೆಳಗೆ ತೂರಬಾರದು) ಆಯಿಲ್ ಇಳಿಸಿ, ಮುಂದಿನ ಸೈಲೆನ್ಸರ್ ಪೈಪ್ ಬಿಚ್ಚಿ, ಚೇಂಬರ್ ತೆಗೆಯಬೇಕು. ಮೇಲಿನಿಂದ ಮೊದಲು ಉಗುರಿನಿಂದ ಬೋರನ್ನು ಸವರಿ. ಮೇಲಂಚಿನ ಹತ್ತಿರ ಉಗುರು ತಡೆದರೆ ಅಲ್ಲಿ ಏಣು ಕಟ್ಟಿದೆ. ರಿಂಗ್ ತಲುಪದ ಆ ಅಂಚು ಹಳೆಯ ಅಳತೆಯಲ್ಲೇ ಉಳಿದು, ಕೆಳಗಿನ ಭಾಗ ಸವೆದಿದೆ ಎಂದು ಅರ್ಥ. ಏಣು ತೆಗೆಯದೆ ಹೊಸ ರಿಂಗ್ ಹಾಕಿದರೆ ಮೇಲಿನ ರಿಂಗ್ ಅದಕ್ಕೆ ಬಡಿದು ಮುರಿಯುತ್ತದೆ.

ಬೋರ್ ಗೇಜ್ ಇಲ್ಲದ ಗ್ಯಾರೇಜಿನಲ್ಲೂ ಸವೆತ ತಿಳಿಯುವ ವಿಧಾನವಿದೆ. ಹೊಸ ರಿಂಗನ್ನು ಬರಿಯ ಬೋರಿನೊಳಗಿಟ್ಟು ಪಿಸ್ಟನ್ ತಲೆಯಿಂದ ನೇರವಾಗಿ ತಳ್ಳಿ, ಕೆಳಗಿನ ಸವೆಯದ ಭಾಗದಲ್ಲಿ ಅದರ ಬಾಯಿಯ ಸಂದನ್ನು ಫೀಲರ್ ಗೇಜಿನಿಂದ ಅಳೆಯಿರಿ. ಅದು 0.25 ಮಿ.ಮೀ. ಬಂದಿತೆನ್ನೋಣ. ಅದೇ ರಿಂಗನ್ನು ಮೇಲೆ, ಏಣಿನ ಕೆಳಗೆ ಇಟ್ಟು ಅಳೆದಾಗ 0.55 ಬಂತು. ವ್ಯತ್ಯಾಸ 0.30. ಸುತ್ತಳತೆ ವ್ಯಾಸದ 3.14 ಪಟ್ಟು ಇರುವುದರಿಂದ ಇದನ್ನು 3.14ರಿಂದ ಭಾಗಿಸಿದರೆ ಬೋರಿನ ವ್ಯಾಸ ಮೇಲೆ ಸುಮಾರು 0.095 ಮಿ.ಮೀ. ಸವೆದಿದೆ ಎಂದಾಯಿತು. ಸಾಮಾನ್ಯವಾಗಿ 0.10 ಮಿ.ಮೀ. ಮಿತಿ. ಈ ಲೆಕ್ಕದ ಎಂಜಿನ್ ದಡದಲ್ಲಿ ನಿಂತಿದೆ. ನಾನಾದರೆ ಇಂಥದಕ್ಕೆ ಬರಿಯ ರಿಂಗ್ ಹಾಕುವುದಿಲ್ಲ. 0.04, 0.05 ಬಂದರೆ ಧೈರ್ಯವಾಗಿ ಹಾಕುತ್ತೇನೆ. ದುಂಡುತನ ಕಳೆದುಕೊಂಡ ಬೋರಿಗೆ ಎಷ್ಟು ಒಳ್ಳೆಯ ರಿಂಗ್ ಹಾಕಿದರೂ ಅದು ಸುತ್ತಲೂ ಒತ್ತಿ ಕೂರುವುದಿಲ್ಲ.

ಬೋರಿನ ಗೋಡೆಗೆ ಹೊಸ ರಿಂಗ್ ಹೊಂದಿಕೊಳ್ಳಲೆಂದು ಹೋನಿಂಗ್ ಮಾಡುತ್ತಾರೆ, ಕಲ್ಲಿನಿಂದ ಅಡ್ಡಗೆರೆ ಎಳೆಯುತ್ತಾರೆ. ಕಾರಿನಲ್ಲೇ ಕೆಲಸ ಮಾಡುವಾಗ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಇದರದ್ದು. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಂದು ಕಾರಿಗೆ ಹೀಗೆ ಹೋನಿಂಗ್ ಮಾಡಿದೆ. ಕೆಳಗಿನ ಕ್ರ್ಯಾಂಕ್ ಪಿನ್ನಿಗೆ (ಕನೆಕ್ಟಿಂಗ್ ರಾಡ್ ಕೂರುವ ಭಾಗಕ್ಕೆ) ಬಟ್ಟೆ ಸುತ್ತಿದ್ದೆ, ಬಿಗಿಯಾಗಿ ಸುತ್ತಿರಲಿಲ್ಲ. ಕಲ್ಲಿನ ಪುಡಿ ಪಿನ್ನಿನ ಆಯಿಲ್ ತೂತಿನೊಳಗೆ ಹೋಗಿ ಕೂತಿತ್ತು. ಗಾಡಿ ಹೊಗೆಯಿಲ್ಲದೆ ಚೆನ್ನಾಗಿ ಓಡಿತು. ಎರಡು ತಿಂಗಳಿಗೆ ಆ ಪಿನ್ನಿನ ಮೇಲಿನ ಬಿಗ್ ಎಂಡ್ ಬೇರಿಂಗ್ ಬಡಿಯತೊಡಗಿ ಬಂತು. ಬಿಚ್ಚಿದಾಗ ಬೇರಿಂಗ್ ಮೈಯೆಲ್ಲ ಗೀರು, ಅದರೊಳಗೆ ಬೂದು ಬಣ್ಣದ ಪುಡಿ ಹೂತುಕೊಂಡಿತ್ತು. ಕಾರಿನ ಯಜಮಾನರು ಮಗಳ ಮದುವೆಯ ಓಡಾಟದ ನಡುವೆ ಎಂಜಿನ್ ಇಳಿಸಿಕೊಂಡು ಕೂತರು. ಅಂದಿನಿಂದ ಕಾರಿನಲ್ಲಿರುವ ಬ್ಲಾಕಿನ ಹಳೆಯ ಅಡ್ಡಗೆರೆ ಇನ್ನೂ ಕಾಣುತ್ತಿದ್ದರೆ ನಾನು ಕಲ್ಲು ಮುಟ್ಟುವುದಿಲ್ಲ. ಗೋಡೆ ಕನ್ನಡಿಯಂತೆ ನುಣುಪಾಗಿ, ಹೋನಿಂಗ್ ಬೇಕೇಬೇಕು ಎನಿಸಿದರೆ ಎಂಜಿನ್ ಇಳಿಸಿ, ಬ್ಲಾಕನ್ನು ಬರಿದು ಮಾಡಿ, ಸೋಪು ನೀರು ಮತ್ತು ಬ್ರಷ್ಷಿನಿಂದ ತೊಳೆದು, ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬಟ್ಟೆ ಬೆಳ್ಳಗೇ ಉಳಿಯುವವರೆಗೆ ಬಿಡುವುದಿಲ್ಲ.

ಎಂಜಿನ್ ಇಳಿಸಬೇಕೇ ಬೇಡವೇ ಎಂದು ಕೇಳಿದವರಿಗೆಲ್ಲ ನಾನು ಇದನ್ನೇ ಹೇಳುವುದು. ಕೈ ತಲುಪುತ್ತದೆಯೇ ಎಂದಷ್ಟೇ ನೋಡಿದರೆ ಸಾಲದು. ಅಲ್ಲಿ ಅಳೆಯಲು ಆಗುತ್ತದೆಯೇ, ಕೆಲಸ ಮುಗಿದ ಮೇಲೆ ತೊಳೆಯಲು ಆಗುತ್ತದೆಯೇ ಎಂದೂ ನೋಡಬೇಕು. ಎರಡೂ ಆಗುವುದಾದರೆ ಕಾರಿನಲ್ಲೇ ಮಾಡಿಸಿ. ಒಂದು ಆಗದಿದ್ದರೂ ಇಳಿಸಿ.

ರಿಂಗ್ ಹಾಕುವ ಪ್ರಸಂಗ ಬಂದರೆ ಇನ್ನೆರಡು ಸೂಕ್ಷ್ಮ. ಕನೆಕ್ಟಿಂಗ್ ರಾಡಿನ ಬೋಲ್ಟ್ ತುದಿಗಳಿಗೆ ರಬ್ಬರ್ ಪೈಪಿನ ತುಂಡು ಸಿಕ್ಕಿಸಿದ ಮೇಲೆಯೇ ಪಿಸ್ಟನ್ನನ್ನು ಮರದ ಹಿಡಿಯಿಂದ ಮೇಲಕ್ಕೆ ತಳ್ಳಬೇಕು. ಬರಿಯ ಬೋಲ್ಟ್ ಕ್ರ್ಯಾಂಕ್ ಪಿನ್ನನ್ನು ಗೀರಿದರೆ ಆ ಗೀರು ಬೇರಿಂಗನ್ನು ತಿನ್ನುತ್ತದೆ. ರಾಡ್ ಮತ್ತು ಅದರ ಕ್ಯಾಪಿಗೆ ಗುರುತು ಹಾಕಿ, ಅದದಕ್ಕೆ ಅದದನ್ನೇ, ಅದೇ ದಿಕ್ಕಿನಲ್ಲಿ ಕೂರಿಸಬೇಕು. ಚೇಂಬರ್ ತೆಗೆದಿರುವಾಗ ಬಿಗ್ ಎಂಡ್ ಬೇರಿಂಗ್‌ಗಳು ಹೇಗೂ ಕೈಗೆ ಬಂದಿರುತ್ತವೆ, ಹೊಸದು ಹಾಕಿಸಿ. ಪಿನ್ನೇ ಸವೆದಿದ್ದರೆ ಕ್ರ್ಯಾಂಕನ್ನು ಗ್ರೈಂಡ್ ಮಾಡಿಸಬೇಕಾಗುತ್ತದೆ. ಅದಕ್ಕೆ ಎಂಜಿನ್ ಇಳಿಯಲೇಬೇಕು.

ಇಳಿಸದೆ ಬೇರೆ ಏನೇನು ಆಗುತ್ತದೆ ಎಂದು ಕೇಳಿದ್ದೀರಿ. ಸ್ಟಾರ್ಟರ್, ಆಲ್ಟರ್ನೇಟರ್, ಇಂಜೆಕ್ಟರ್, ಮ್ಯಾನಿಫೋಲ್ಡ್ ಪ್ಯಾಕಿಂಗ್‌ಗಳ ವಿಷಯದಲ್ಲಿ ಪ್ರಶ್ನೆಯೇ ಇಲ್ಲ. ಎಂಜಿನ್ ಮೌಂಟಿಂಗ್ ಬದಲಿಸಲು ಚೇಂಬರಿನ ಕೆಳಗೆ ಮರದ ಹಲಗೆಯಿಟ್ಟು ಜ್ಯಾಕಿನಿಂದ ಸ್ವಲ್ಪ ಎತ್ತಿ ಹಿಡಿದರೆ ಸಾಕು. ಹಲಗೆಯಿಲ್ಲದೆ ಎತ್ತಿದರೆ ತಗಡಿನ ಚೇಂಬರ್ ನೆಗ್ಗುತ್ತದೆ. ಕ್ಲಚ್ ಪ್ಲೇಟಿಗೆ ಎಂಜಿನ್ ಅಲ್ಲಿಯೇ ಇದ್ದು ಗೇರ್‌ಬಾಕ್ಸ್ ಮಾತ್ರ ಇಳಿಯುತ್ತದೆ, ಆ ಹೊತ್ತಿಗೆ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಕೂಡ ಹಾಕಿಸಬಹುದು. ಸ್ವಿಫ್ಟ್‌ನಲ್ಲಿ ಬರುತ್ತಿದ್ದ 1.3 ಲೀಟರ್ ಡೀಸೆಲ್ ಎಂಜಿನ್ನಿನ ಟೈಮಿಂಗ್ ಚೈನನ್ನು ಕೂಡ ಆ ಬದಿಯ ಮೌಂಟಿಂಗ್ ಬಿಚ್ಚಿ ಗಾಡಿಯಲ್ಲೇ ಬದಲಾಯಿಸುತ್ತಾರೆ. ಎಂಜಿನ್ ಇಳಿಸದಿದ್ದರೆ ಕೂಲಿಯ ಜೊತೆಗೆ ಇನ್ನೂ ಒಂದಷ್ಟು ಉಳಿಯುತ್ತದೆ. ಎಸಿ ಗ್ಯಾಸ್ ಬಿಡಬೇಕಾಗಿಲ್ಲ, ಡ್ರೈವ್ ಶಾಫ್ಟ್ ಎಳೆಯಬೇಕಾಗಿಲ್ಲ, ಹದಿನೈದು ವರ್ಷದಿಂದ ಒಂದೇ ಕಡೆ ಕೂತು ಒರಟಾದ ವೈರಿಂಗ್ ಕನೆಕ್ಟರ್‌ಗಳನ್ನು ಕಿತ್ತು ಮುರಿಯುವ ಅಪಾಯವಿಲ್ಲ.

ನಿಮ್ಮ ಮೆಕ್ಯಾನಿಕ್ ಜೊತೆ ಕೆಲಸವನ್ನು ಹಂತಹಂತವಾಗಿ ಒಪ್ಪಿಕೊಳ್ಳಿ. ಮೊದಲು ಪಿಸಿವಿ ಮತ್ತು ಕಂಪ್ರೆಷನ್, ಒಣ ಅಂಕಿ ಮೂರು, ಬೇಕಾದರೆ ಆಯಿಲ್ ಬಿಟ್ಟ ಮೇಲಿನ ಅಂಕಿ ಮೂರು. ಪ್ಲಗ್‌ಗಳನ್ನು ಕ್ರಮವಾಗಿ ಜೋಡಿಸಿಡಲು ಹೇಳಿ. ಯಾವುದು ಕಪ್ಪಾಗಿ ಒದ್ದೆಯಾಗಿದೆಯೋ ಆ ಸಿಲಿಂಡರಿನಲ್ಲಿ ಆಯಿಲ್ ಉರಿಯುತ್ತಿದೆ. ಸೀಲ್ ಎಂದು ತೀರ್ಮಾನವಾದರೆ ಅಷ್ಟಕ್ಕೇ ಒಪ್ಪಿಗೆ ಕೊಡಿ. ಹೆಡ್ ತೆಗೆಯಬೇಕಾಗಿ ಬಂದರೆ ತೆಗೆದ ದಿನ ನೀವೇ ಗ್ಯಾರೇಜಿಗೆ ಹೋಗಿ, ಬೋರಿನ ಏಣನ್ನು ನಿಮ್ಮ ಉಗುರಿನಿಂದಲೇ ಮುಟ್ಟಿ ನೋಡಿ, ರಿಂಗ್ ಸಂದಿನ ಲೆಕ್ಕ ನಿಮ್ಮೆದುರೇ ಆಗಲಿ. ಹೊಗೆ ಬರುತ್ತಿದೆಯೆಂದು ತುಂಬ ದಿನ ಮುಂದೂಡಬೇಡಿ. ಉರಿದ ಆಯಿಲ್ ಸೈಲೆನ್ಸರಿನಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳು ಮಾಡುತ್ತದೆ, ಮತ್ತು ಆಯಿಲ್ ನೋಡುವುದನ್ನು ಒಮ್ಮೆ ಮರೆತರೆ ಘಾಟಿಯಲ್ಲೇ ಬೇರಿಂಗ್ ಹೋಗುತ್ತದೆ. ಕೆಲಸ ಆಗುವವರೆಗೆ ಪ್ರತಿ ಘಾಟಿ ಪಯಣಕ್ಕೂ ಮೊದಲು, ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್ ಎಳೆದು ನೋಡಿ.

ಸೀಲ್ ಹಾಕಿಸಿದ ಮೇಲೆ ಮೊದಲ ಒಂದೆರಡು ದಿನ ಸ್ವಲ್ಪ ಹೊಗೆ ಬಂದರೆ ಗಾಬರಿಯಾಗಬೇಡಿ, ಸೈಲೆನ್ಸರಿನೊಳಗೆ ಹಿಂದೆ ಸೇರಿದ ಆಯಿಲ್ ಅದು. ಡಿಪ್‌ಸ್ಟಿಕ್ ಮೇಲಿನ ಗುರುತಿಗೆ ಸರಿಯಾಗಿ ಆಯಿಲ್ ಹಾಕಿ, ಅಂದಿನ ಕಿ.ಮೀ. ಬರೆದಿಟ್ಟು, 500ಕ್ಕೆ ಒಮ್ಮೆ, 1,000ಕ್ಕೆ ಒಮ್ಮೆ ನೋಡಿ. ನಡುವೆ ಶಿರಾಡಿ ಇಳಿದು ಗುಂಡ್ಯದಲ್ಲಿ ಆಕ್ಸಿಲರೇಟರ್ ಒತ್ತಿದಾಗ ಕನ್ನಡಿಯಲ್ಲಿ ಏನು ಕಂಡಿತು ಎಂಬುದನ್ನೂ, ಕಂಪ್ರೆಷನ್ನಿನ ಮೂರು ಅಂಕಿಗಳನ್ನೂ ಬರೆದು ಕಳಿಸಿ. ಆಯಿಲ್ ಇನ್ನೂ ಇಳಿಯುತ್ತಿದ್ದರೆ ಮುಂದೇನೆಂದು ಆ ಅಂಕಿಗಳನ್ನು ನೋಡಿಯೇ ಹೇಳುತ್ತೇನೆ.